ಹದಿಮೂರು ತಿಂಗಳ ವರ್ಷ, ಹನ್ನೆರಡು ಸಂಬಳ

ಬರುವ ಗುರುವಾರ ಯುಗಾದಿ. ಮರುದಿನ ಹೊಸತೊಡಕು. ಅದರ ಬೆನ್ನಿಗೇ ರಮ್ಜಾನ್, ಇನ್ನೆರಡು ವಾರಕ್ಕೆ ಈಸ್ಟರ್. ಬೆಂಗಳೂರಿನ ಕುಕ್ ಟೌನ್‌ನ ಅಡುಗೆಮನೆಗಳಲ್ಲಿ ದಿನಸಿ ಲೆಕ್ಕ ಹಳಿ ತಪ್ಪುವ ಕಾಲವಿದು. ಅದಕ್ಕೆ ದುಂದುಗಾರಿಕೆಯನ್ನೇ ದೂರಬೇಕಿಲ್ಲ. ವರ್ಷವನ್ನು ಮರೆತು ತಿಂಗಳನ್ನೇ ನಂಬಿದ ಲೆಕ್ಕವನ್ನು ಮೊದಲು ತಿದ್ದಬೇಕು.

ಭಾನುವಾರ ಬೆಳಿಗ್ಗೆ, ಚರ್ಚು ಬಿಡುವ ಹೊತ್ತು. ವೀಲರ್ ರಸ್ತೆಯಿಂದ ಕುಕ್ ಟೌನ್ ಒಳಕ್ಕೆ ತಿರುಗಿದರೆ ಸಿಗುವ ಪ್ರಾವಿಷನ್ ಸ್ಟೋರಿನ ಮುಂದೆ ನಾಲ್ಕು ಜನ ನಿಂತರೆ ಐದನೆಯವರಿಗೆ ರಸ್ತೆಯೇ ಗತಿ.

ಒಬ್ಬರಿಗೆ ಹೋಳಿಗೆಗೆ ಎರಡು ಕೆ.ಜಿ. ಬೆಲ್ಲ, ಒಂದು ಕೆ.ಜಿ. ಬೇಳೆ. ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸು ಶಾವಿಗೆ, ಒಣ ಖರ್ಜೂರ, ಚಿರೋಂಜಿ ಎನ್ನುತ್ತಿದ್ದಾರೆ; ಶೀರ್ ಖುರ್ಮಾ ತಯಾರಿ. ಪ್ರಾರ್ಥನೆ ಮುಗಿಸಿ ನೇರ ಇಲ್ಲಿಗೇ ಬಂದ ಅಜ್ಜಿ, ನಲವತ್ತು ದಿನದ ಉಪವಾಸದ ಕಾಲವಾದ್ದರಿಂದ ಮೊಟ್ಟೆಯ ಟ್ರೇ ಕಡೆ ನೋಡಿಯೂ ನೋಡದಂತೆ ನಿಂತಿದ್ದಾರೆ.

‘ಹೋದ ಸಲಕ್ಕಿಂತ ಇನ್ನೂರು ಜಾಸ್ತಿ ಹಾಕಿದೀರಲ್ಲ ಅಣ್ಣಾ?’

‘ನಾನ್ ಹಾಕಿದ್ದಲ್ಲ ಅಕ್ಕಾ, ಹಬ್ಬ ಹಾಕಿದ್ದು.’

ಅಂಗಡಿಯವರು ತಮಾಷೆಗೆ ಅಂದರೂ ವಿಷಯದ ತಿರುಳು ಅದರಲ್ಲೇ ಇದೆ. ಮನೆಯ ದಿನಸಿ ಬಜೆಟ್ಟಿಗೆ ಅಕ್ಕಿ, ಬೇಳೆಗಿಂತ ಕ್ಯಾಲೆಂಡರ್ ದೊಡ್ಡ ಶತ್ರು. ಅದರಲ್ಲೂ ಕುಕ್ ಟೌನ್‌ನಂಥ ಕಡೆ, ಒಂದೇ ಗೋಡೆಯ ಮೇಲೆ ಮೂರು ಕ್ಯಾಲೆಂಡರ್ ತೂಗುವ ಬೀದಿಗಳಲ್ಲಿ.

ಈ ವರ್ಷದ ಲೆಕ್ಕ ನೋಡಿ. ಮಾರ್ಚ್ 19ಕ್ಕೆ ಪರಾಭವ ಸಂವತ್ಸರ ಹುಟ್ಟುತ್ತದೆ. 20ಕ್ಕೆ ಹೊಸತೊಡಕು. ಚಂದ್ರದರ್ಶನ ನೋಡಿಕೊಂಡು 20 ಅಥವಾ 21ಕ್ಕೆ ರಮ್ಜಾನ್ ಹಬ್ಬ. ಏಪ್ರಿಲ್ 3ಕ್ಕೆ ಗುಡ್ ಫ್ರೈಡೆ, 5ಕ್ಕೆ ಈಸ್ಟರ್. ಹದಿನೆಂಟು ದಿನದೊಳಗೆ ಮೂರು ಧರ್ಮಗಳ ಹಬ್ಬದಡುಗೆ. ಹೊಸತೊಡಕಿನವರೂ ರಮ್ಜಾನಿನವರೂ ಒಂದೇ ವಾರ ಕುರಿ ಮಾಂಸಕ್ಕೆ ಸಾಲು ನಿಂತರೆ ಬೆಲೆ ಎತ್ತ ಹೋಗುತ್ತದೆಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ.

ಇದಕ್ಕಿಂತ ದೊಡ್ಡದೊಂದು ಸಂಗತಿ ಪಂಚಾಂಗದೊಳಗೆ ತಣ್ಣಗೆ ಕೂತಿದೆ. ಪರಾಭವದಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ: ಮೇ 17ರಿಂದ ಜೂನ್ 15ರವರೆಗೆ. ಹಾಗಾಗಿ ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ ಹೋಗಿದೆ. ಈ ಯುಗಾದಿಯಿಂದ ಆ ಯುಗಾದಿಗೆ 384 ದಿನ, ಹದಿಮೂರು ಮಾಸ. ಸಂಬಳ ಕೊಡುವ ಕಂಪನಿಗೆ ಅಧಿಕ ಮಾಸ ಗೊತ್ತಿಲ್ಲ.

ಯುಗಾದಿ ಸಂಜೆ ಪಂಚಾಂಗ ಶ್ರವಣಕ್ಕೆ ಕೂತವರು ಮಳೆ-ಬೆಳೆಗಿಂತ ಹೆಚ್ಚು ಕಿವಿಗೊಡುವುದು ತಮ್ಮ ರಾಶಿಯ ಆದಾಯ-ವ್ಯಯಕ್ಕೆ. ಆದಾಯ ಎಂಟು, ವ್ಯಯ ಹದಿನಾಲ್ಕು ಎಂದರೆ ಮುಖ ಸಪ್ಪಗಾಗುತ್ತದೆ. ಆ ಅಂಕಿಗಳ ಮೇಲೆ ನಂಬಿಕೆ ಇರಲಿ ಬಿಡಲಿ, ಒಂದು ಮಾತು ಒಪ್ಪಬೇಕು: ನಮ್ಮ ಹಿರಿಯರು ಜಮಾ-ಖರ್ಚನ್ನು ವರ್ಷಕ್ಕೆ ನೋಡುತ್ತಿದ್ದರು. ತಿಂಗಳ ಲೆಕ್ಕ ಬಂದದ್ದು ತಿಂಗಳ ಸಂಬಳದ ಜೊತೆಗೆ.

ಕುಕ್ ಟೌನ್ ಇರುವ ದಂಡು ಪ್ರದೇಶ ತಿಂಗಳ ಸಂಬಳದ ಊರೇ. ಸೈನ್ಯ, ರೈಲ್ವೆ, ಕಾರ್ಖಾನೆ, ಶಾಲೆ. 1898ರ ಪ್ಲೇಗಿನ ನಂತರ ಕಿಕ್ಕಿರಿದ ಪೇಟೆಯಿಂದಾಚೆಗೆ ಎದ್ದ ಫ್ರೇಜರ್ ಟೌನ್, ಅದರ ನೆರೆಯ ಕುಕ್ ಟೌನ್, ಕಾಕ್ಸ್ ಟೌನ್ ಎಲ್ಲವೂ ಸಂಬಳದವರ, ಪಿಂಚಣಿದಾರರ ಬಡಾವಣೆಗಳಾಗಿ ಬೆಳೆದವು. ಒಂದನೇ ತಾರೀಕು ಸಾಮಾನಿನ ಚೀಟಿ, ಇಪ್ಪತ್ತನೇ ತಾರೀಕಿನ ಮೇಲೆ ಅಂಗಡಿಯ ಉದ್ರಿ ಪುಸ್ತಕ. ಮತ್ತೆ ಒಂದನೇ ತಾರೀಕು.

ಹಳೆಯ ಬಂಗಲೆಗಳಲ್ಲಿ ಅಡುಗೆಮನೆಗೆ ಅಂಟಿಕೊಂಡಂತೆ ಒಂದು ಕತ್ತಲೆ ಕೋಣೆ ಇರುತ್ತಿತ್ತು, ಉಗ್ರಾಣಕ್ಕೆಂದೇ. ಆ ಬಂಗಲೆಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್. ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆ ಇಡಲು ವಾಷಿಂಗ್ ಮೆಷಿನ್ ಸರಿಸಬೇಕು.

ಹನ್ನೆರಡು ಸಾವಿರ ಎಂಬ ಭ್ರಮೆ

ನಾಲ್ಕು ಜನರ ಮನೆ ಅಂದುಕೊಳ್ಳಿ. ‘ನಮಗೆ ತಿಂಗಳಿಗೆ ದಿನಸಿ, ಹಾಲು, ತರಕಾರಿ ಎಲ್ಲ ಸೇರಿ ಹನ್ನೆರಡು ಸಾವಿರ’ ಎನ್ನುತ್ತಾರೆ ಮನೆಯವರು. ಸುಳ್ಳಲ್ಲ. ಹಬ್ಬವಿಲ್ಲದ, ನೆಂಟರಿಲ್ಲದ, ಯಾರಿಗೂ ಹುಷಾರು ತಪ್ಪದ ತಿಂಗಳಲ್ಲಿ ಅಷ್ಟೇ ಆಗುತ್ತದೆ. ಅಂಥ ತಿಂಗಳು ವರ್ಷಕ್ಕೆ ಎಷ್ಟು ಬರುತ್ತವೆ ಎಂದು ಬೆರಳು ಮಡಚಿ ನೋಡಿ.

ಅದೇ ಮನೆಯನ್ನು ವರ್ಷದ ಕಣ್ಣಲ್ಲಿ ನೋಡೋಣ. ಹನ್ನೆರಡು ತಿಂಗಳ ಮಾಮೂಲಿ ಖರ್ಚು 1,44,000 ರೂಪಾಯಿ. ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ, ಬೇಸಿಗೆ ರಜೆಯ ನೆಂಟರು, ಇಷ್ಟಕ್ಕೆ 18,000. ಮೆಣಸಿನಕಾಯಿ, ಹುಣಸೆ, ಧನಿಯ ಮುಂತಾಗಿ ವರ್ಷಕ್ಕೊಮ್ಮೆ ತರುವ ಸಾಮಾನಿಗೆ 9,000. ಬೆಲೆ ಏರಿಕೆಗೆಂದು ಶೇ 5 ಎತ್ತಿಟ್ಟರೆ 7,200. ಒಟ್ಟು 1,78,200. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14,850.

ಅಂದರೆ ಹನ್ನೆರಡು ಸಾವಿರ ಎಂದು ನಂಬಿದ ಮನೆ ಪ್ರತಿ ತಿಂಗಳೂ 2,850 ರೂಪಾಯಿ ಹಿಂದೆ ಓಡುತ್ತಿದೆ. ಆ ಕೊರತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಟ್ಟಿಗೆ ಎದುರಾಗಿ ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ. ಆಮೇಲೆ ‘ಬಜೆಟ್ ಹಾಕಿದರೂ ಉಳಿಯಲ್ಲ’ ಎಂಬ ರಾಗ.

ಬಜೆಟ್‌ಗೆ ಅಂಟಿಕೊಳ್ಳಲು ಮನೋಬಲ ಬೇಕು ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅಂಕಿಯೇ ತಪ್ಪಾಗಿದ್ದರೆ ಮನೋಬಲ ಏನು ಮಾಡೀತು? ಮೊದಲು ಅಂಕಿಯನ್ನು ಸರಿಪಡಿಸಿ, ಆಮೇಲೆ ನಾಲಿಗೆಯ ಚಪಲದ ಮಾತಾಡೋಣ.

ದುಡ್ಡು ಹೋಗುವುದು ಅಕ್ಕಿಗಲ್ಲ

ಕೇಂದ್ರ ಸರ್ಕಾರದ ಮನೆವಾರು ವೆಚ್ಚ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಗರವಾಸಿಗಳು ತಮ್ಮ ವೆಚ್ಚದಲ್ಲಿ ಸುಮಾರು ಶೇ 40ನ್ನು ಆಹಾರಕ್ಕೆ ಹಾಕುತ್ತಿದ್ದರು. ಕರ್ನಾಟಕದ ನಗರಗಳಲ್ಲಿ ತಲಾ ಮಾಸಿಕ ವೆಚ್ಚ 8,000 ರೂಪಾಯಿ ದಾಟಿತ್ತು.

ಒಳಗಿನ ಅಂಕಿಗಳು ಇನ್ನೂ ಸ್ವಾರಸ್ಯ. 1999-2000ದಲ್ಲಿ ನಗರದ ಮನೆಗಳ ವೆಚ್ಚದಲ್ಲಿ ಶೇ 12ರಷ್ಟು ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಕ್ಕೆ ಹೋಗುತ್ತಿತ್ತು. ಈಗ ಅದು ಶೇ 4ಕ್ಕಿಂತ ಕಡಿಮೆ. ಆ ಜಾಗಕ್ಕೆ ಬಂದು ಕೂತದ್ದು ಪಾನೀಯ, ತಿಂಡಿ, ಸಿದ್ಧ ಆಹಾರ: ಶೇ 11. ಒಲೆ ಹಚ್ಚದೆ ತಿನ್ನುವುದಕ್ಕೆ ನಾವು ಧಾನ್ಯದ ಹೆಚ್ಚುಕಡಿಮೆ ಮೂರು ಪಟ್ಟು ಕೊಡುತ್ತಿದ್ದೇವೆ.

ಹೀಗಿದ್ದೂ ಉಳಿತಾಯ ಎಂದ ಕೂಡಲೇ ಜನ ಕೈಹಾಕುವುದು ಅಕ್ಕಿಗೆ. ಅರವತ್ತರ ಸೋನಾ ಮಸೂರಿ ಬಿಟ್ಟು ಐವತ್ತೈದರದ್ದು ತಂದು, ಮನೆಯವರ ಗೊಣಗಾಟ ಕೇಳಿ, ತಿಂಗಳಿಗೆ ನೂರು ರೂಪಾಯಿ ಉಳಿಸುತ್ತಾರೆ. ಅದೇ ಸಂಜೆ ಬರುವ ಚಿಪ್ಸು, ಕುಕಿ, ತಂಪು ಪಾನೀಯದ ಚೀಲಕ್ಕೆ ಮುನ್ನೂರು.

ಆ ಚೀಲ ತರುವ ಬೈಕುಗಳ ತವರೂ ಬೆಂಗಳೂರೇ ಎನ್ನಬಹುದು. 1999ರಲ್ಲಿ ಫ್ಯಾಬ್‌ಮಾರ್ಟ್ ಶುರು ಮಾಡಿದ ಗೆಳೆಯರ ಗುಂಪೇ 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿತು. 2020ರಲ್ಲಿ ಸ್ವಿಗ್ಗಿಯ ಇನ್‌ಸ್ಟಾಮಾರ್ಟ್ ಬಂತು. ಈಗ ಕುಕ್ ಟೌನ್‌ನ ಯಾವ ಗೇಟಿನ ಮುಂದೆ ನಿಂತರೂ ಕೊತ್ತಂಬರಿ ಸೊಪ್ಪು ಬೈಕ್ ಮೇಲೆ ಬರುತ್ತದೆ.

ಸರಕಿನ ಬೆಲೆ ಈ ಆ್ಯಪ್‌ಗಳಲ್ಲಿ ವಿಪರೀತ ಎನ್ನಲಾಗದು. ಕೆಲವು ಅಂಗಡಿಗಿಂತ ಅಗ್ಗವೂ ಇವೆ. ಪೆಟ್ಟು ಬೀಳುವುದು ಬೇರೆಡೆ. ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರಿನ ಶುಲ್ಕ, ಮಳೆ ಬಂದರೆ ಅದಕ್ಕೊಂದು. ಉಚಿತ ಡೆಲಿವರಿಯ ಗೆರೆ ಮುಟ್ಟಲು ಬೇಡದ ಎರಡು ಸಾಮಾನು. ತಿಂಗಳಿಗೊಂದು ಚೀಟಿ ಬರೆಯುತ್ತಿದ್ದ ಮನೆ ಈಗ ದಿನಕ್ಕೊಂದು ಬರೆಯುತ್ತಿದೆ, ಅದೂ ಹಸಿದ ಹೊತ್ತಲ್ಲಿ. ಹಳೆಯ ಅಂಗಡಿಯವರ ಉದ್ರಿ ಪುಸ್ತಕಕ್ಕೆ ಒಂದು ಗುಣವಿತ್ತು: ತಿಂಗಳ ಕೊನೆಗೆ ಮೊತ್ತವನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು.

[ಬಾಕ್ಸ್] ಪೊಟ್ಟಣ ತಿರುಗಿಸಿ ಓದಿ

ದೇಶದ ಲಕ್ಷಾಂತರ ಅಡುಗೆಮನೆಗಳಲ್ಲಿರುವ ಆಶೀರ್ವಾದ್ ಹಿಟ್ಟಿನ ಪೊಟ್ಟಣದ ಹಿಂಬದಿ ನೋಡಿ. ಅಲ್ಲಿರುವ ವಿಳಾಸ ಬಾಣಸವಾಡಿ ಮುಖ್ಯರಸ್ತೆ, ಮಾರುತಿ ಸೇವಾನಗರ, ಬೆಂಗಳೂರು 560005. ಕುಕ್ ಟೌನ್‌ನ ನೆರೆಮನೆ! ಸಿಗರೇಟು ಕಾರ್ಖಾನೆಯಿಂದಾಗಿ ಈ ಭಾಗಕ್ಕೆ ಪರಿಚಿತವಾದ ಐಟಿಸಿ 2002ರಲ್ಲಿ ಹಿಟ್ಟು ಮಾರಲು ಇಳಿಯಿತು.

ವಿಳಾಸದ ಜೊತೆ ಇನ್ನೊಂದು ಸಾಲು ಓದಬೇಕು: ಯೂನಿಟ್ ಬೆಲೆ. ಗ್ರಾಮಿಗೆ ಅಥವಾ ಕೆ.ಜಿ.ಗೆ ಎಷ್ಟು ಬಿತ್ತು ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಈಗ ಕಡ್ಡಾಯ. ಇಂತಿಷ್ಟೇ ತೂಕದಲ್ಲಿ ಮಾರಬೇಕೆಂಬ ಹಳೆಯ ನಿಯಮ ಹೋದ ಮೇಲೆ 900 ಗ್ರಾಂ, 850 ಗ್ರಾಂ ಪೊಟ್ಟಣಗಳು ಕೆ.ಜಿ.ಯ ವೇಷದಲ್ಲಿ ಕೂತಿರುತ್ತವೆ.

ಎಣ್ಣೆಯ ಕಥೆ ತಮಾಷೆಯದು. ಬಿಸಿಯಾದಂತೆ ಎಣ್ಣೆ ಹಿಗ್ಗುತ್ತದೆ. 21 ಡಿಗ್ರಿಯಲ್ಲಿ ಒಂದು ಲೀಟರ್ ಸೋಯಾ ಎಣ್ಣೆ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892 ಗ್ರಾಂ ಚಿಲ್ಲರೆ. ಕೆಲವು ಕಂಪನಿಗಳು ‘60 ಡಿಗ್ರಿಯಲ್ಲಿ ಒಂದು ಲೀಟರ್’ ಎಂದು ಸಣ್ಣಕ್ಷರದಲ್ಲಿ ಬರೆದು ಮಾರುತ್ತಿದ್ದವು. ಉಷ್ಣಾಂಶದ ಮಾತು ಬಿಟ್ಟು ತೂಕ ಸರಿಯಾಗಿ ನಮೂದಿಸಿ ಎಂದು 2022ರ ಆಗಸ್ಟ್‌ನಲ್ಲಿ ಕೇಂದ್ರ ತಾಕೀತು ಮಾಡಿತು. ಎಣ್ಣೆ ಕೊಳ್ಳುವಾಗ ಲೀಟರ್ ಬಿಡಿ, ಗ್ರಾಂ ನೋಡಿ.

ಇಳಿದ ಬೆಲೆ ಯಾರ ಮನೆಗೆ ಬಂತು?

2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ಅದಕ್ಕೂ ಮುಂಚೆ, ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ, ಬಿಸ್ಕತ್ತು, ಸೋಪಿನ ಜಿಎಸ್‌ಟಿ ಶೇ 5ಕ್ಕೆ ಬಂದಿತ್ತು. ಪತ್ರಿಕೆ ಓದಿದವರು ಮನೆಯ ಲೆಕ್ಕದ ಪುಸ್ತಕ ತೆರೆದು, ‘ಎಲ್ಲಿ?’ ಎಂದರು.

ಉತ್ತರ ತುಪ್ಪದ ಡಬ್ಬಿಯಲ್ಲಿದೆ. ತೆರಿಗೆ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಇಳಿಯಿತು. ನವೆಂಬರ್‌ನಲ್ಲಿ 90 ರೂಪಾಯಿ ಏರಿ 700 ಆಯಿತು. ಹಾಲು ಅದೇ ವರ್ಷ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿತ್ತು. ತೆಂಗಿನಕಾಯಿಯಂತೂ ಆ ವರ್ಷ ಚಟ್ನಿಗೆ ಕಡಲೆಯನ್ನೇ ಹೆಚ್ಚಿಸುವಂತೆ ಮಾಡಿತು. ಸರಾಸರಿ ಇಳಿದರೂ ನಮ್ಮ ತಟ್ಟೆಯ ಸಾಮಾನು ಇಳಿಯಬೇಕೆಂದಿಲ್ಲ.

ಹಿಂದಕ್ಕೆ ಹೋದರೆ ಇಂಥ ಹೊಡೆತಗಳ ಸಾಲೇ ಇದೆ. 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಇನ್ನೂರು ಮುಟ್ಟಿತು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಈರುಳ್ಳಿ ಇನ್ನೂರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆಗೆ ತತ್ವಾರ. 2023ರ ಜುಲೈನಲ್ಲಿ ಟೊಮೆಟೊ ನೂರು ದಾಟಿ, ಕೋಲಾರದ ರೈತರು ತೋಟಕ್ಕೆ ಕಾವಲು ಕೂತರು. 2024ರಲ್ಲಿ ಬೆಳ್ಳುಳ್ಳಿ ನಾನೂರು.

ಪ್ರತಿ ಸಲ ಬೇರೆ ಸಾಮಾನು, ಆದರೆ ಒಂದಲ್ಲ ಒಂದು ಇದ್ದೇ ಇದೆ. ಮುಂದಿನದು ಯಾವುದು ಎಂದು ಊಹಿಸಲು ಹೋಗಬೇಡಿ. ಮೇಲಿನ ಲೆಕ್ಕದಲ್ಲಿ ಎತ್ತಿಟ್ಟ ಶೇ 5 ಇದಕ್ಕೇ. ಟೊಮೆಟೊ ದುಬಾರಿಯಾದ ವಾರ ಹುಣಸೆಹಣ್ಣಿನ ಸಾರು ಮಾಡಿದರೆ ಆ ದುಡ್ಡೂ ಉಳಿಯುತ್ತದೆ.

ಬೇಸಿಗೆಯ ಬಿಸಿಲು ಬಿಡಬೇಡಿ

ವರ್ಷದ ಸಾಮಾನು ಕೊಳ್ಳಲು ಈಗಲೇ ಸಮಯ. ಜನವರಿಯಿಂದ ಕಲಬುರಗಿಯ ಹೊಸ ತೊಗರಿ ಬಂದಿರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸುಗ್ಗಿ ಏಪ್ರಿಲ್‌ವರೆಗೂ ನಡೆಯುತ್ತದೆ. ಹೊಸ ಹುಣಸೆ, ಹೊಸ ಬೆಳ್ಳುಳ್ಳಿ ಕೂಡ ಈ ತಿಂಗಳುಗಳದ್ದೇ. ಏಪ್ರಿಲ್ ನಂತರ ಬರುವ ಬೇಸಿಗೆ ಈರುಳ್ಳಿ ಗಾಳಿಯಾಡುವ ಕಡೆ ಹರಡಿದರೆ ತಿಂಗಳುಗಟ್ಟಲೆ ತಾಳುತ್ತದೆ. ಮಳೆಗಾಲದ ಈರುಳ್ಳಿ ತಾಳುವುದಿಲ್ಲ. ಬೆಲೆ ಕೆರಳುವುದು ಸಾಮಾನ್ಯವಾಗಿ ಇವೆರಡರ ನಡುವೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ.

ಹಾಗೆಂದು ಎಲ್ಲವನ್ನೂ ವರ್ಷಕ್ಕೆ ತರಬಾರದು. ಫ್ಲ್ಯಾಟಿನಲ್ಲಿ ತಾಳುವುದು ನಾಲ್ಕೈದೇ: ಬೀಜ ತೆಗೆದು ಉಪ್ಪು ಬೆರೆಸಿದ ಹುಣಸೆ, ಬಿಸಿಲಲ್ಲಿ ಗರಿಗರಿ ಒಣಗಿಸಿದ ಮೆಣಸಿನಕಾಯಿ, ಧನಿಯ, ಉಪ್ಪು, ಸಾಸಿವೆ. ತೊಗರಿಬೇಳೆಗೆ ಚೂರು ಹರಳೆಣ್ಣೆ ಸವರಿ ಒಣಗಿಸಿದರೆ ಹುಳ ಹತ್ತದು. ಎಣ್ಣೆ, ರವೆ, ಗೋಧಿ ಹಿಟ್ಟು ತಿಂಗಳಿಗಿಂತ ಹೆಚ್ಚು ತರುವುದು ವ್ಯರ್ಥ. ರವೆಯಲ್ಲಿ ಹುಳು ಕಂಡ ದಿನ ಹತ್ತು ರೂಪಾಯಿ ರಿಯಾಯಿತಿಯ ಬಣ್ಣ ಬಯಲಾಗುತ್ತದೆ.

ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಮಿಲ್ಲಿಗೆ ಕೊಡುವವರು ಕುಕ್ ಟೌನ್, ಲಿಂಗರಾಜಪುರದಲ್ಲಿ ಈಗಲೂ ಇದ್ದಾರೆ. ಪೊಟ್ಟಣದ ಪುಡಿಯ ಬೆಲೆಯನ್ನು ಕೆ.ಜಿ.ಗೆ ಹಿಡಿದು ಲೆಕ್ಕ ಹಾಕಿದ ಯಾರೂ ಅವರನ್ನು ಹಳೇ ಕಾಲದವರು ಎಂದು ನಗಲಾರರು.

ಹಬ್ಬದ ಸಾಮಾನಿಗೂ ಇದೇ ಬುದ್ಧಿ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ಕೇಕಿನ ದ್ರಾಕ್ಷಿ, ಗೋಡಂಬಿ, ಟೂಟಿ ಫ್ರೂಟಿ ರಮ್ಮಿಗೆ ಬೀಳುವುದು ಅಕ್ಟೋಬರ್ ಹೊತ್ತಿಗೆ. ರುಚಿಗೆಂದು ಮಾಡುವುದಾದರೂ ಡಿಸೆಂಬರ್‌ನ ಖರ್ಚು ಎರಡು ತಿಂಗಳಿಗೆ ಹಂಚಿಹೋಗುತ್ತದೆ. ಮುಸ್ಲಿಂ ಮನೆಗಳ ಲೆಕ್ಕ ಇನ್ನೂ ಚುರುಕಾಗಿರಬೇಕು. ರಮ್ಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಉಪವಾಸದ ತಿಂಗಳು ಶುರುವಾಗುತ್ತದೆ.

[ಬಾಕ್ಸ್] ಟೋಕಿಯೊದ ಜಮಾ-ಖರ್ಚು

ಜಪಾನಿನ ಮೊದಲ ಪತ್ರಕರ್ತೆ ಎಂದು ಹೆಸರಾದ ಹಾನಿ ಮೊಟೊಕೊ 1904ರಲ್ಲಿ ಗೃಹಿಣಿಯರಿಗೆಂದು ಲೆಕ್ಕದ ಪುಸ್ತಕ ಹೊರತಂದರು. ಹೆಸರು ‘ಕಾಕೇಬೊ’. ಕೈಯಿಂದಲೇ ಬರೆಯಬೇಕು ಎಂಬುದು ಇಂದಿಗೂ ಅದರ ಪಟ್ಟು. ಈಗ ಅದು ವಿದೇಶಿ ಹೊಸ ಮಂತ್ರವೆಂಬಂತೆ ನಮ್ಮ ಪುಸ್ತಕದಂಗಡಿಗೂ ಬಂದಿದೆ. ನಲವತ್ತು ರೂಪಾಯಿಯ ಉದ್ದ ನೋಟ್ ಪುಸ್ತಕದಲ್ಲೂ ಅದೇ ಕೆಲಸ ಆಗುತ್ತದೆ.

ಮಾಂಸದ ಚೀಟಿ

ವರ್ಷಕ್ಕೆ ಮುಂಚೆ ಯೋಚಿಸುವುದನ್ನು ಹಣಕಾಸು ಸಲಹೆಗಾರರಿಂದ ಕಲಿಯಬೇಕಿಲ್ಲ. ಕುಕ್ ಟೌನ್ ಮನೆಗಳಿಗೆ ಪಾತ್ರೆ ತೊಳೆಯಲು, ಅಡುಗೆ ಮಾಡಲು ಬರುವ ಹೆಂಗಸರನ್ನು ಕೇಳಿ. ಯುಗಾದಿ ಚೀಟಿ, ದೀಪಾವಳಿ ಚೀಟಿ, ಮಾಂಸದ ಚೀಟಿ ಎಲ್ಲದರ ವಿವರ ಬಾಯಿಪಾಠ.

ಮಾಂಸದ ಚೀಟಿ ಬೆಂಗಳೂರು, ಮಂಡ್ಯ ಸೀಮೆಯ ಜಾಣತನ. ಒಬ್ಬರು ಮುಂದೆ ನಿಂತು ಬೀದಿಯ ಮನೆಗಳಿಂದ ವಾರಕ್ಕೆ ನೂರೋ ಇನ್ನೂರೋ ವಸೂಲಿ ಮಾಡುತ್ತಾರೆ. ಯುಗಾದಿ ಬಂದಾಗ ಕಟ್ಟಿದವರಿಗೆಲ್ಲ ಬೆಲ್ಲ, ಬೇಳೆ, ಎಣ್ಣೆಯ ಚೀಲ; ಹೊಸತೊಡಕಿಗೆ ಇಂತಿಷ್ಟು ಕೆ.ಜಿ. ಮಟನ್. ನಡುವೆ ಆ ಹಣವನ್ನು ಬಡ್ಡಿಗೆ ಬಿಟ್ಟು ದುಡಿಸುವುದು ನಡೆಸುವವರ ಲಾಭ. ಹಳ್ಳಿ ಕಡೆ ಇದಕ್ಕಿಂತ ಸರಳ: ನಾಲ್ಕಾರು ಮನೆಯವರು ಸೇರಿ ಕುರಿ ತಂದು, ಕಡಿದು, ಪಾಲು ಹಾಕಿ ಗುಡ್ಡೆ ಹಂಚಿಕೊಳ್ಳುತ್ತಾರೆ. ಗುಡ್ಡೆ ಬಾಡಿನಲ್ಲಿ ಅಂಗಡಿಯವರ ಲಾಭದ ಮಾತೇ ಇಲ್ಲ.

ಚೀಟಿಯ ಒಳಗುಟ್ಟು ಬಡ್ಡಿಯಲ್ಲಿಲ್ಲ, ಒತ್ತಾಯದಲ್ಲಿದೆ. ಮನೆ ಡಬ್ಬಿಯಲ್ಲಿಟ್ಟ ನೂರು ರೂಪಾಯಿಯನ್ನು ಗಂಡ ಕೇಳಬಹುದು, ಮಕ್ಕಳ ಜ್ವರ ಕೇಳಬಹುದು. ಚೀಟಿಗೆ ಕಟ್ಟಿದ್ದನ್ನು ಯಾರೂ ಕೇಳುವಂತಿಲ್ಲ. ಹಬ್ಬದ ದಿನ ಸಾಲ ಮಾಡದೆ ಹೋಳಿಗೆ ತಟ್ಟುವ ಹೆಮ್ಮೆಗೆ ಅವರು ವರ್ಷವಿಡೀ ಬೆಲೆ ಕೊಡುತ್ತಾರೆ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಬಜೆಟ್ ಶೀಟ್ ಮಾಡಿ ಮೂರನೇ ವಾರಕ್ಕೆ ಕೈಬಿಡುವ ಯಜಮಾನಿಗಿಂತ ಈ ವಿಷಯದಲ್ಲಿ ಅವರೇ ಪಕ್ಕಾ.

2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ ಇಂಥ ಉಳಿತಾಯಕ್ಕೆ ಇನ್ನೊಂದು ಆಸರೆ ಸಿಕ್ಕಿದೆ. ಪಡಿತರದ ಅಕ್ಕಿ ಇದ್ದ ಮನೆಯಲ್ಲಿ ಆ ಎರಡು ಸಾವಿರ ಬೇಳೆಗೂ ಎಣ್ಣೆಗೂ ಒದಗುತ್ತದೆ.

ಆದರೆ ಈ ಕಥೆಗೊಂದು ಕೆಟ್ಟ ಮುಖವಿದೆ. ಯುಗಾದಿ ಹತ್ತಿರವಾದಂತೆ ‘ಚೀಟಿ ಹಣದೊಂದಿಗೆ ಪರಾರಿ’ ಎಂಬ ಸುದ್ದಿಯೂ ಬರುತ್ತದೆ. ನೂರಾರು ಮನೆಗಳ ದುಡ್ಡು, ಕೈಯಲ್ಲಿ ರಸೀದಿ ಇಲ್ಲ, ಇದ್ದರೆ ಬಣ್ಣದ ಕಾರ್ಡು. 1982ರ ಚಿಟ್ ಫಂಡ್ ಕಾಯ್ದೆ ನೋಂದಣಿ ಕೇಳುತ್ತದೆ. 2019ರ ಕಾಯ್ದೆ ಅನಿಯಂತ್ರಿತ ಠೇವಣಿ ಯೋಜನೆಗಳನ್ನೇ ನಿಷೇಧಿಸಿದೆ. ಬೀದಿಯ ಹಬ್ಬದ ಚೀಟಿಗಳಿಗೆ ಎರಡೂ ಗೊತ್ತಿರುವುದಿಲ್ಲ. ದುಡ್ಡು ಹೋದ ಮೇಲೆ ಠಾಣೆಯ ಬಾಗಿಲು ತೆರೆದಿರುತ್ತದೆ, ಹಬ್ಬ ಮುಗಿದಿರುತ್ತದೆ.

ಆದ್ದರಿಂದ ಚೀಟಿಯ ಶಿಸ್ತು ಇಟ್ಟುಕೊಳ್ಳಿ, ಚೀಟಿಯವರನ್ನು ಬಿಡಿ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಬ್ಬಕ್ಕೆಂದೇ ಒಂದು ಆರ್‌ಡಿ ತೆರೆದರೆ ಅದೇ ಒತ್ತಾಯ ಅಲ್ಲೂ ಸಿಗುತ್ತದೆ. ಚೀಟಿಯೇ ಬೇಕೆನ್ನುವವರಿಗೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ನಡೆಸುವ ಚಿಟ್ ಫಂಡ್ ಇದೆ. ಇದನ್ನು ನಿಮ್ಮ ಮನೆಗೆಲಸದವರಿಗೂ ಹೇಳಿ. ಖಾತೆ ತೆರೆಯಲು ಅರ್ಧ ದಿನ ರಜೆ ಕೊಡಿ, ಸಂಬಳ ಮುರಿಯದೆ.

ಮುಂದಿನ ಹೊಸತೊಡಕು 2027ರ ಏಪ್ರಿಲ್ 8ಕ್ಕೆ. ಈ ಯುಗಾದಿಯಿಂದ ವಾರಕ್ಕೆ ನೂರರಂತೆ ಎತ್ತಿಟ್ಟರೂ ಅಷ್ಟು ಹೊತ್ತಿಗೆ 5,500 ರೂಪಾಯಿ ಕೈಯಲ್ಲಿರುತ್ತದೆ.